ಪುಕ್ಕಟೆ ಅಂತ ಬಳಸಿದ್ರೆ ಸಾಲದು, ನೋಡ್ಕೊಳ್ಳೋಕೂ ದುಡ್ಡು ಇಡಿ

ಮಾನ್ಯ ಸಂಪಾದಕರೇ,

ಸರ್ಕಾರಗಳು ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಬಳಸಿ ತಿದ್ದಬಹುದಾದ ಸಾಫ್ಟ್‌ವೇರ್, ಬಳಸ್ಬೇಕು ಅನ್ನೋ ಮಾತು ಬಂದಾಗೆಲ್ಲ ಲೈಸೆನ್ಸ್ ಖರ್ಚು ಉಳಿಯುತ್ತೆ ಅನ್ನೋದೊಂದೇ ವಾದ ಕೇಳಿಸುತ್ತೆ. ಉಳಿಯೋದು ನಿಜ. ಆದ್ರೆ ಹಾಗೆ ಉಳಿದಿದ್ರಲ್ಲಿ ಒಂದು ಪಾಲಾದ್ರೂ ಆ ಕೋಡ್ ನೋಡ್ಕೊಳ್ಳೋರಿಗೆ ಹೋಗ್ಬೇಕಲ್ವಾ, ಅದರ ಬಗ್ಗೆ ಯಾರೂ ಬಾಯಿ ಬಿಡಲ್ಲ.

2014ರ ಹಾರ್ಟ್‌ಬ್ಲೀಡ್ ಅನ್ನೋ ಭದ್ರತಾ ದೋಷ ನೆನಪಿರಬಹುದು. ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳ ಪಾಸ್‌ವರ್ಡ್ ಕಾಯ್ತಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನೋ ಕೋಡ್‌ನಲ್ಲೇ ಆ ದೋಷ ಇದ್ದಿದ್ದು. ಅದಕ್ಕೆ ಆಗ ಬರ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್, ಫುಲ್ ಟೈಮ್ ಕೆಲಸ ಮಾಡ್ತಿದ್ದೋರು ಒಬ್ಬರೇ! 2021ರ ಡಿಸೆಂಬರ್‌ನಲ್ಲಿ ಎಷ್ಟೋ ಸಾಫ್ಟ್‌ವೇರ್‌ಗಳ ಒಳಗೆ ಆಗುಹೋಗು ದಾಖಲಿಸೋ ಲಾಗ್‌ಫೋರ್‌ಜೆ ಅನ್ನೋ ಕೋಡ್‌ನಲ್ಲಿ ದೋಷ ಸಿಕ್ಕಿ ಗಲಾಟೆ ಆದಾಗ ನಮ್ಮ ಟೀಮು ರಾತ್ರಿಯೆಲ್ಲ ಒಂದೊಂದೇ ಸರ್ವರ್‌ಗೆ ಲಾಗಿನ್ ಆಗಿ ಯಾವ ಫೋಲ್ಡರ್‌ನಲ್ಲಿ ಅದರ ಯಾವ ವರ್ಷನ್ ಜಾರ್ ಫೈಲ್ (ಕೋಡ್ ಕಟ್ಟಿಟ್ಟ ಫೈಲ್) ಅಡಗಿದೆ ಅಂತ ಹುಡುಕ್ತಾ ಕೂತಿದ್ವಿ, ಸರಿಮಾಡಿದ 2.15 ವರ್ಷನ್ ಹಾಕಿ ಉಸ್ಸಪ್ಪಾ ಅನ್ನೋಷ್ಟರಲ್ಲಿ ಅದೂ ಸಾಲದು ಅಂತ 2.16 ಬಂತು, ಹಿಂದೇನೇ 2.17. ನಮಗೆ ಅದಕ್ಕೆ ಸಂಬಳ ಇತ್ತು. ಆ ಪ್ಯಾಚ್ (ದೋಷ ಸರಿಮಾಡೋ ಕೋಡ್) ಬರೀತಿದ್ದೋರು ವಾಲಂಟಿಯರ್‌ಗಳು.

ಇದ್ರಲ್ಲಿ ಯಾರದ್ದೋ ಕೆಟ್ಟ ಬುದ್ಧಿ ಏನಿಲ್ಲ. ಕೋಡ್ ಒಂದ್ಸಲ ಬರೆದ ಮೇಲೆ ಕಾಪಿಗೆ ಖರ್ಚಿಲ್ಲ, ನಾನು ಬಳಸಿದ್ರೆ ನಿಮಗೆ ಕಮ್ಮಿ ಆಗಲ್ಲ, ಹಾಗಾಗಿ ಬೇರೆ ಯಾರಾದ್ರೂ ಕೊಡ್ಲಿ ಅಂತ ಎಲ್ಲರೂ ಸುಮ್ನಿರ್ತಾರೆ. ಕೆರೆ ಹೂಳು ತೆಗೆಸೋ ಹಾಗೆ ಇದು, ಮಾರ್ಕೆಟ್ಟು ತಾನಾಗೇ ಮಾಡಲ್ಲ, ತೆರಿಗೆ ದುಡ್ಡು ಇರೋದೇ ಇಂಥದ್ದಕ್ಕೆ.

ಬೇರೆ ದೇಶದೋರೂ ಪುಕ್ಕಟೆ ಬಳಸ್ತಾರೆ, ನಾವ್ಯಾಕೆ ಕೊಡ್ಬೇಕು ಅಂತಾರೆ ಕೆಲವರು. ಬಳಸ್ಲಿ ಬಿಡಿ, ಅವರು ಸರಿಮಾಡಿದ ಬಗ್ ನಮಗೂ ಸರಿಹೋಗುತ್ತೆ. ಯುರೋಪಿಯನ್ ಕಮಿಷನ್ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2018ರಲ್ಲಿ ಅಲ್ಲಿನ ಕಂಪನಿಗಳು ಓಪನ್ ಸೋರ್ಸ್‌ಗೆ ಹಾಕಿದ್ದು ಸುಮಾರು 100 ಕೋಟಿ ಯೂರೋ, ಅಲ್ಲಿನ ಆರ್ಥಿಕತೆಗೆ ಆದ ಲಾಭ 6,500ರಿಂದ 9,500 ಕೋಟಿ ಯೂರೋ. ಅಂದಾಜು ಅರ್ಧಕ್ಕೆ ಇಳಿಸಿದ್ರೂ ನಷ್ಟದ ಮಾತೇ ಇಲ್ಲ.

ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಅನ್ನೋ ಸರ್ಕಾರಿ ನಿಧಿ ಶುರು ಮಾಡ್ತು, ಇಂಟರ್ನೆಟ್‌ನಲ್ಲಿ ಡೇಟಾ ಕಳಿಸೋ, ತರೋ ಕರ್ಲ್ ಥರ ಕಣ್ಣಿಗೆ ಕಾಣದೆ ಎಲ್ಲ ಕಡೆ ಓಡ್ತಿರೋ ಕೋಡ್‌ಗೆ ದುಡ್ಡು ಕೊಡ್ತು, ಲಾಗ್‌ಫೋರ್‌ಜೆಗೂ ಆಮೇಲೆ ಅಲ್ಲಿಂದ ನೆರವು ಬಂತು. ಬೇರೆ ಸರ್ಕಾರಗಳೂ ಪ್ರತಿ ಸಾಫ್ಟ್‌ವೇರ್ ಟೆಂಡರ್‌ನಲ್ಲಿ ಅದ್ರಲ್ಲಿ ಬಳಸೋ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ನಿರ್ವಹಣೆಗೆ ಅಂತ ಒಂದು ಪಾಲು ತೆಗೆದಿಡ್ಲಿ. ಅದೂ ಒಂದ್ಸಲದ ಬಹುಮಾನ ಆಗ್ಬಾರ್ದು, ವರ್ಷ ವರ್ಷ ಬರೋ ಸಂಬಳ ಆಗ್ಬೇಕು. ಯಾಕಂದ್ರೆ ಫೈಲ್ ಗಾತ್ರ ಕುಗ್ಗಿಸೋ ಎಕ್ಸ್‌ಝಡ್ ಅನ್ನೋ ಪ್ರಾಜೆಕ್ಟನ್ನ ಬಿಡುವಿನ ಸಮಯದಲ್ಲಿ ಒಬ್ಬರೇ ನೋಡ್ಕೊಂಡು ದಣಿದಿದ್ದಾಗ್ಲೇ ಸಹಾಯ ಮಾಡ್ತೀನಿ ಅಂತ ಯಾರೋ ಒಳಗೆ ಸೇರಿ, ನಂಬಿಕೆ ಗಳಿಸಿ, ಕದ್ದುಮುಚ್ಚಿ ಹಿಂಬಾಗಿಲು, ಅಂದ್ರೆ ಗುಟ್ಟಾಗಿ ಒಳನುಗ್ಗೋ ದಾರಿ, ಇಟ್ಟಿದ್ದು. 2024ರ ಮಾರ್ಚ್‌ನಲ್ಲಿ ಅದು ಸಿಕ್ಕಿಬಿದ್ದಿದ್ದು ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಒಬ್ಬ ಎಂಜಿನಿಯರ್ ಗಮನಿಸಿದ್ರಿಂದ.

ಇಂತಿ,
ಒಬ್ಬ ಸಿಸ್ಟಂ ಅಡ್ಮಿನ್