ಸಂಬಳದ ಅಂಕಿಯ ಜೊತೆಗೆ ಬಾಂಡ್‌ನ ಅಂಕಿಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ನರ್ಸ್‌ಗಳಿಗೆ ಬೇಡಿಕೆ ಇದೆ ಎಂಬ ಸುದ್ದಿಗಳಲ್ಲಿ ಸಂಬಳದ ಮೊತ್ತ ತಲೆಬರಹದಲ್ಲೇ ಇರುತ್ತದೆ. ಕೆಲಸವನ್ನು ನಡುವೆ ಬಿಟ್ಟರೆ ಎಷ್ಟು ಕಟ್ಟಿಕೊಡಬೇಕು ಎಂಬ ಬಾಂಡ್‌ನ ಮೊತ್ತ ಎಲ್ಲೂ ಇರುವುದಿಲ್ಲ. ಪಾಳಿಗೆ ಜನ ಸಾಲದಿದ್ದಾಗ, ಸೂಪರ್‌ವೈಸರ್ ಕಿರುಕುಳ ಕೊಟ್ಟಾಗ ನರ್ಸ್ ಬಾಯಿ ಬಿಡುತ್ತಾಳೋ ಸಹಿಸಿಕೊಳ್ಳುತ್ತಾಳೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಎರಡನೆಯ ಮೊತ್ತವೇ. ವಿದೇಶಿ ನೇಮಕಾತಿಯ ಒಪ್ಪಂದಗಳನ್ನು ಓದಿ ಅಭ್ಯಾಸವಿರುವ ನರ್ಸಿಂಗ್ ಬೋಧಕರಾದ ನಾವು ಅದರ ಬಗ್ಗೆಯೇ ಬರೆಯುತ್ತಿದ್ದೇವೆ.

ಬ್ರಿಟನ್ನಿನಲ್ಲಿ ವಿಮಾನದ ಟಿಕೆಟ್, ವೀಸಾ ಶುಲ್ಕ, ಪರೀಕ್ಷೆಯ ಶುಲ್ಕ, ಆರಂಭದ ವಾರಗಳ ವಸತಿ ಇವನ್ನೆಲ್ಲ ಉದ್ಯೋಗದಾತರೇ ಭರಿಸಿ, ನಿಗದಿತ ಅವಧಿಗೆ ಮೊದಲು ಬಿಟ್ಟರೆ ವಾಪಸ್ ಕೇಳುವುದು ರೂಢಿ. ನಿಜವಾದ ಖರ್ಚನ್ನು ಕೇಳಿದರೆ ತಕರಾರಿಲ್ಲ. ಪಟ್ಟಿಯೇ ಇಲ್ಲದೆ 'ನೇಮಕಾತಿ ವೆಚ್ಚ' ಎಂದು ಒಂದೇ ಇಡಿಗಂಟು ಬರೆದಿದ್ದರೆ ಅನುಮಾನಿಸಿ. ಅಲ್ಲಿನ ಸರ್ಕಾರ 2022ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ನೇಮಕಾತಿ ಸಂಹಿತೆಯ ಪ್ರಕಾರ ವೆಚ್ಚದ ವಿವರ ಮೊದಲೇ ತಿಳಿಸಬೇಕು, ಕೆಲಸ ಮಾಡಿದಷ್ಟೂ ಬಾಕಿ ಇಳಿಯುತ್ತ ಹೋಗಬೇಕು, ಬಿಡುವವರ ಪರಿಸ್ಥಿತಿಯನ್ನೂ ಗಮನಿಸಬೇಕು. ಆದರೆ ಸಂಹಿತೆ ಕಾನೂನಲ್ಲ. ವಿದೇಶಿಯರನ್ನು ನೇಮಿಸಿಕೊಳ್ಳುವವರಿಂದ ಅಲ್ಲಿನ ಸರ್ಕಾರ ವಸೂಲಿ ಮಾಡುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್‌ನ ಮಾತು ಬೇರೆ: ಅದನ್ನು ಉದ್ಯೋಗದಾತರೇ ತೆರಬೇಕು, ನರ್ಸ್ ಮೇಲೆ ಹೊರಿಸುವಂತಿಲ್ಲ. ಪಟ್ಟಿಯಲ್ಲಿ ಅದು ಕಂಡರೆ ತೆಗೆಸಿ.

ಬಾಂಡ್‌ಗಿಂತ ಹೆಚ್ಚು ಹೆದರಿಸುವುದು ವೀಸಾ. ಅದು ಒಬ್ಬ ಪ್ರಾಯೋಜಕರಿಗೆ, ಎಂದರೆ ಕರೆಸಿಕೊಂಡ ಉದ್ಯೋಗದಾತರಿಗೆ, ಕಟ್ಟಿಹಾಕಿದ್ದು. ಕೆಲಸ ಹೋದರೆ ಹೊಸ ಪ್ರಾಯೋಜಕರನ್ನು ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಒಂದು ಕಡೆ ಸಾಲದಂತಹ ಬಾಕಿ, ಇನ್ನೊಂದು ಕಡೆ ಎರಡು ತಿಂಗಳ ಗಡುವು. ಹೀಗಿರುವಾಗ ಯಾರು ತಾನೇ ದೂರು ಬರೆದಾರು?

ಮೊದಲ ತಿಂಗಳುಗಳು ಇನ್ನೂ ಸೂಕ್ಷ್ಮ. ಬ್ರಿಟನ್ನಿನ ನರ್ಸಿಂಗ್ ಮಂಡಳಿಯಾದ ಎನ್‌ಎಂಸಿಯಲ್ಲಿ ನೋಂದಣಿ ಆಗುವವರೆಗೆ ಆಕೆ ಅಲ್ಲಿ ನರ್ಸ್ ಅಲ್ಲ, ಸಹಾಯಕಿ. ಸಂಬಳ ನೋಂದಾಯಿತ ನರ್ಸ್‌ನ ವೇತನ ಶ್ರೇಣಿಯಾದ ಬ್ಯಾಂಡ್ 5ರದ್ದಲ್ಲ, ಅದಕ್ಕಿಂತ ಕೆಳಗಿನ 3 ಅಥವಾ 4ರದ್ದು. ನೋಂದಣಿಗೆ ಬೇಕಾದ ಪ್ರಾಯೋಗಿಕ ಪರೀಕ್ಷೆಯಾದ ಓಸ್ಕಿಗೆ ಕೆಲಸಕ್ಕೆ ಸೇರಿದ 12 ವಾರಗಳೊಳಗೆ ಮೊದಲ ಬಾರಿ ಕೂರಬೇಕು, 8 ತಿಂಗಳೊಳಗೆ ನೋಂದಣಿ ಮುಗಿಯಬೇಕು. ಇದು ವೀಸಾದ ಷರತ್ತು. ಒಂದು ಅರ್ಜಿಗೆ ಮೂರು ಅವಕಾಶ. ಹತ್ತು ಸ್ಟೇಷನ್‌ಗಳ, ಎಂದರೆ ಹತ್ತು ಬಿಡಿ ಹಂತಗಳ, ಈ ಪರೀಕ್ಷೆಯಲ್ಲಿ ಅನುಭವಿಗಳೂ ಫೇಲಾಗುತ್ತಾರೆ. ಕೈಕೆಲಸ ಬಾರದೆ ಅಲ್ಲ. ಔಷಧ ಕೊಡುವ ಮುನ್ನ ಅಲರ್ಜಿ ಕೇಳದೆ, ಕೈಪಟ್ಟಿಯೊಡನೆ ಹೆಸರು ತಾಳೆ ನೋಡದೆ, ಚಾರ್ಟಿಗೆ ಸಹಿ ಹಾಕದೆ, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳದೆ. ಆದ್ದರಿಂದ ಆಫರ್ ಲೆಟರ್ ಬಂದಾಗ ಕೇಳಬೇಕಾದದ್ದು: ಓಸ್ಕಿ ತರಬೇತಿಗೆ ಡ್ಯೂಟಿ ಸಮಯದಲ್ಲೇ ಎಷ್ಟು ದಿನ ಬಿಡುತ್ತೀರಿ, ಮರುಪರೀಕ್ಷೆಯ ಹಣ ಯಾರದು, ನೋಂದಣಿಯ ಬಳಿಕ ಎಷ್ಟು ವಾರ ನನ್ನನ್ನು ವಾರ್ಡಿನ ಸಂಖ್ಯೆಯಲ್ಲಿ ಲೆಕ್ಕ ಹಿಡಿಯದೆ ಕಲಿಯಲು ಬಿಡುತ್ತೀರಿ, ಹಿಂದಿನ ಅನುಭವಕ್ಕೆ ಯಾವ ವೇತನ ಹಂತ. ಕೊನೆಯದನ್ನು ಕೇಳದವರನ್ನು ಹತ್ತು ವರ್ಷ ಐಸಿಯುನಲ್ಲಿ ದುಡಿದಿದ್ದರೂ ಮೊದಲ ಮೆಟ್ಟಿಲಲ್ಲೇ ನಿಲ್ಲಿಸುವುದುಂಟು. ವಾರಕ್ಕೆ 37.5 ಗಂಟೆ ಎನ್ನುವುದೂ ಹಗುರ ಲೆಕ್ಕವಲ್ಲ. ಹನ್ನೆರಡೂವರೆ ಗಂಟೆಯ ಪಾಳಿಯಲ್ಲಿ ಒಂದು ಗಂಟೆ ಬಿಡುವಿಗೆ ಸಂಬಳವಿಲ್ಲದಿದ್ದರೆ ನಾಲ್ಕು ವಾರಕ್ಕೆ ಅಂಥ 13 ಪಾಳಿ ಬೀಳುತ್ತವೆ.

ಅಮೆರಿಕಕ್ಕೆ ಗ್ರೀನ್ ಕಾರ್ಡ್ ಮೇಲೆ ಹೋಗುವವರನ್ನು ವೀಸಾ ಅಷ್ಟು ಬಿಗಿಯಾಗಿ ಕಟ್ಟುವುದಿಲ್ಲ. ಅದಕ್ಕೇ ಇರಬೇಕು, ಅಲ್ಲಿ ಏಜೆನ್ಸಿಗಳ ಬಾಂಡ್ ಬಿಗಿ. ಮೂರು ವರ್ಷಕ್ಕೆ ಮುನ್ನ ಬಿಟ್ಟರೆ 25,000 ಡಾಲರ್ ಎಂದು ಫಿಲಿಪ್ಪೀನ್ಸ್‌ನ ನರ್ಸ್‌ಗಳಿಂದ ಬರೆಸಿಕೊಂಡಿದ್ದ ಷರತ್ತು ಮಾನವ ಕಳ್ಳಸಾಗಣೆ ತಡೆ ಕಾನೂನಿನ ಉಲ್ಲಂಘನೆ ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 2019ರಲ್ಲಿ ಹೇಳಿತು. ಒಪ್ಪಂದದ ಅವಧಿ ವರ್ಷಗಳಲ್ಲಿ ಇದೆಯೋ ಗಂಟೆಗಳಲ್ಲಿ ಇದೆಯೋ ನೋಡಿ. 6,240 ಗಂಟೆ ಎಂದರೆ ಕಾಗದದಲ್ಲಿ ಮೂರು ವರ್ಷ. ಓವರ್‌ಟೈಮ್, ತರಬೇತಿಯ ಗಂಟೆಗಳನ್ನು ಲೆಕ್ಕದಿಂದ ಬಿಟ್ಟರೆ, ಆಸ್ಪತ್ರೆ ಪಾಳಿ ಕಡಿತ ಮಾಡಿದರೆ ಅದು ನಾಲ್ಕಕ್ಕೂ ಎಳೆಯುತ್ತದೆ.

ಕೊಲ್ಲಿ ದೇಶಗಳಲ್ಲಿ ಮೋಸ ಸಂಬಳದ ಒಳಗೇ ಅಡಗಿರುತ್ತದೆ. ಯುಎಇಯ ಕಾನೂನಿನಂತೆ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ಒಟ್ಟು 8,000 ದಿರ್ಹಮ್ ಸಂಬಳದಲ್ಲಿ ಮೂಲ ವೇತನ 5,000 ಇದ್ದರೆ ಐದು ವರ್ಷಕ್ಕೆ 17,500 ಸಿಗುತ್ತದೆ. ಮೂಲ ವೇತನ 3,000 ಎಂದು ಬರೆದು ಉಳಿದದ್ದನ್ನು ಭತ್ಯೆ ಎಂದರೆ 10,500 ಅಷ್ಟೇ. ಓವರ್‌ಟೈಮ್ ಕೂಡ ಮೂಲ ವೇತನದ ಮೇಲೆಯೇ. ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗಿನ ಓವರ್‌ಟೈಮ್‌ಗೆ ಶೇ 50 ಹೆಚ್ಚು ಎಂಬ ನಿಯಮ ತೋರಿಸಿ ಆಸೆ ಹುಟ್ಟಿಸುತ್ತಾರೆ. ಪಾಳಿಯಲ್ಲಿ ದುಡಿಯುವವರಿಗೆ ಅದು ಅನ್ವಯಿಸುವುದಿಲ್ಲ. ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ ಎಂದರೆ ಹೋಗಲೇಬೇಡಿ.

ಜರ್ಮನಿಯಲ್ಲಿ ಪದವಿಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯ ವೇತನ. ಕಲಿಕೆಯಲ್ಲಿ ಏನು ಕೊರತೆ ಎಂದು ಅಲ್ಲಿನ ಪ್ರಾಧಿಕಾರ ಪತ್ರ ಕೊಡುತ್ತದೆ, ಅದನ್ನು ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಬೇಕು, ಜರ್ಮನ್ ಭಾಷೆಯಲ್ಲಿ ಬಿ2 ಹಂತ, ಎಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟ, ಮುಟ್ಟಬೇಕು. ರೋಗಿಗೆ ಸ್ನಾನ, ಊಟ ಮಾಡಿಸುವುದು ಅಲ್ಲಿ ಅರ್ಹ ನರ್ಸ್‌ನದೇ ಕೆಲಸ. ಐವಿ ಹಾಕುವುದು, ರಕ್ತ ತೆಗೆಯುವುದು ಹೆಚ್ಚಾಗಿ ವೈದ್ಯರದು. ಇದು ಗೊತ್ತಿಲ್ಲದೆ ಹೋದವರು ತಮ್ಮನ್ನು ಕೀಳಾಗಿ ಕಾಣುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಎಂಬುದನ್ನಂತೂ ಸಹಿಗೆ ಮೊದಲೇ ಬರಹದಲ್ಲಿ ಪಡೆಯಬೇಕು.

ನಮ್ಮ ಸರ್ಕಾರದ ಕಾವಲು ಅರ್ಧ ದಾರಿಯವರೆಗೆ ಮಾತ್ರ. 2015ರಿಂದ ಕುವೈತ್, ಸೌದಿ ಸೇರಿದಂತೆ ವಲಸೆ ಅನುಮತಿ ಬೇಕಾದ ದೇಶಗಳಿಗೆ ಹೋಗುವ ನರ್ಸ್‌ಗಳು, ಅವರ ಪಾಸ್‌ಪೋರ್ಟ್ ಯಾವುದೇ ಇರಲಿ, ಕೇಂದ್ರ ಸರ್ಕಾರದ ವಲಸೆ ಜಾಲತಾಣವಾದ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಬೇಕು. ಬ್ರಿಟನ್, ಜರ್ಮನಿ, ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಹೋಗುವವರ ಒಪ್ಪಂದವನ್ನು ಇಲ್ಲಿನ ಯಾವ ಅಧಿಕಾರಿಯೂ ಓದುವುದಿಲ್ಲ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳುವವರು ರಸೀದಿ ಕೊಡುವುದಿಲ್ಲ ಎಂಬುದನ್ನು ಹೇಳಬೇಕಿಲ್ಲ.

ಕೊನೆಗೆ ನಿಮ್ಮ ಪತ್ರಿಕೆಗೇ ಒಂದು ಮನವಿ. ವರ್ಗೀಕೃತ ಜಾಹೀರಾತುಗಳಲ್ಲಿ ವಿದೇಶಿ ನರ್ಸ್ ಹುದ್ದೆಗಳನ್ನು ಪ್ರಕಟಿಸುವಾಗ ಏಜೆನ್ಸಿಯ ನೋಂದಣಿ ಸಂಖ್ಯೆ, ಹುದ್ದೆ ನರ್ಸ್‌ನದೋ ಸಹಾಯಕಿಯದೋ, ಬಾಂಡ್ ಎಷ್ಟು ಅವಧಿಗೆ ಎಷ್ಟು ಮೊತ್ತಕ್ಕೆ ಎಂಬ ಮೂರು ವಿವರಗಳನ್ನು ಕಡ್ಡಾಯ ಮಾಡಿ. ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಪರೀಕ್ಷಿಸಲು ನಿಮ್ಮ ಜಾಹೀರಾತು ವಿಭಾಗಕ್ಕೆ ಐದು ನಿಮಿಷ ಸಾಕು.

ಇತಿ,
ಇಬ್ಬರು ನರ್ಸಿಂಗ್ ಬೋಧಕರು