ಬೆಳ್ಳಿಗೆ ಟೂತ್‌ಪೇಸ್ಟ್ ಬೇಡ, ಕಪ್ಪು ಕಲಬೆರಕೆಯ ಗುರುತೂ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಬಂದ ಮನೆ ಸಲಹೆಗಳಲ್ಲಿ ಬೆಳ್ಳಿಯ ಬಗ್ಗೆ ಎರಡು ಮಾತುಗಳಿದ್ದವು. ಕಪ್ಪಾದ ಒಡವೆಯನ್ನು ಟೂತ್‌ಪೇಸ್ಟ್ ಹಚ್ಚಿ ಹಳೆಯ ಬ್ರಷ್ಷಿನಿಂದ ಉಜ್ಜಿ ಎಂಬುದು ಒಂದು. ಬೇಗ ಕಪ್ಪಾಗುವ ಬೆಳ್ಳಿ ಕಲಬೆರಕೆಯದು ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ಪಾಲಿಸಿದರೆ ಒಡವೆ ಸವೆಯುತ್ತದೆ, ಎರಡನೆಯದನ್ನು ನಂಬಿದರೆ ಅಂಗಡಿಯಲ್ಲಿ ಮೋಸ ಹೋಗುತ್ತೀರಿ.

ಅಪ್ಪಟ ಬೆಳ್ಳಿ ತೀರಾ ಮೆದು. ಅದರಲ್ಲಿ ಉಂಗುರ ಮಾಡಿದರೆ ಸೊಟ್ಟಗಾಗುತ್ತದೆ, ಕಾಲ್ಗೆಜ್ಜೆ ಮಾಡಿದರೆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಇಟ್ಟುಕೊಂಡು, ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರ ಸೇರಿಸುತ್ತಾರೆ. ಸ್ಟರ್ಲಿಂಗ್ ಎಂದರೆ ಇಷ್ಟೇ. ಗಾಳಿಯಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಗೆ ತಾಗಿದಾಗ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್‌ನ ತೆಳು ಪೊರೆ ಕಟ್ಟುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ತಾಮ್ರ ಇರುವುದರಿಂದ ಸ್ಟರ್ಲಿಂಗ್ ಸ್ವಲ್ಪ ಬೇಗ ಕಪ್ಪಾಗುವುದು ನಿಜ. ಆದರೆ ಅಪ್ಪಟ ಬೆಳ್ಳಿಯ ದೀಪವೂ ಕಪ್ಪಾಗುತ್ತದೆ. ವರ್ಷಗಟ್ಟಲೆ ಇಟ್ಟರೂ ಕನ್ನಡಿಯಂತೆ ಹೊಳೆಯುವ ಒಡವೆ ಕಂಡರೆ ಅದರ ಮೇಲೆ ರೋಡಿಯಂ (ಕಪ್ಪಾಗದ ಬಿಳಿ ಲೋಹ) ಲೇಪವೋ ಬೇರೆ ಯಾವುದಾದರೂ ಲೇಪವೋ ಇದೆಯೆಂದು ಊಹಿಸಬಹುದು. ಶುದ್ಧತೆಗೆ ಅದು ಪುರಾವೆಯಲ್ಲ.

'ಉಷ್ಣ ಮೈಯವರಿಗೆ ಬೆಳ್ಳಿ ಕಪ್ಪಾಗುತ್ತದೆ' ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಕಾರಣ ಉಷ್ಣವಲ್ಲ, ಬೆವರು. ಬೆವರಿನ ಉಪ್ಪು ಮತ್ತು ಗಂಧಕದ ಅಂಶ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ಗಂಧಕ ಹಾಕಿದ ಸಾಬೂನು, ತುರಿಕೆ ಮುಲಾಮು, ತಲೆಗೆ ಹಚ್ಚುವ ಬಣ್ಣ, ಈಜುಕೊಳದ ಕ್ಲೋರಿನ್ ಇವೂ ಬೆಳ್ಳಿಗೆ ಆಗಿಬರುವುದಿಲ್ಲ. ಅಡುಗೆಮನೆಯಲ್ಲಿ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಇಂಗು ಎಲ್ಲದರಲ್ಲೂ ಗಂಧಕವಿದೆ.

ಈಗ ಟೂತ್‌ಪೇಸ್ಟಿನ ವಿಷಯ. ಅದರಲ್ಲಿರುವ ಸುಣ್ಣದಕಲ್ಲಿನ ಪುಡಿ, ಸಿಲಿಕಾ ಕಣಗಳು ಹಲ್ಲಿನ ಮೇಲ್ಪದರಕ್ಕೆಂದು ಆರಿಸಿದವು, ಬೆಳ್ಳಿಗಲ್ಲ. ಹಲ್ಲಿನ ಮುಂದೆ ಬೆಳ್ಳಿ ಬಹಳ ಮೆದು. ಉಜ್ಜಿದ ಉಂಗುರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಸುತ್ತಲೂ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಉಬ್ಬು ಕೆಲಸವಿದ್ದರೆ ಇನ್ನೂ ಕಷ್ಟ. ಎದ್ದು ನಿಂತ ಹೂವಿನೆಸಳು ಸವೆಯುತ್ತದೆ, ತಗ್ಗಿನ ಕಪ್ಪು ಹಾಗೇ ಉಳಿಯುತ್ತದೆ, ಅದರ ಮೇಲೆ ಪೇಸ್ಟು ಬಿಳಿಯಾಗಿ ಗಟ್ಟಿಕಟ್ಟುತ್ತದೆ. ದೇವರ ಮನೆಯ ಸಾದಾ ಪಾತ್ರೆಗಳನ್ನು ವಿಭೂತಿಯಿಂದ ಉಜ್ಜುವ ರೂಢಿಗೆ ಇಷ್ಟು ಆಕ್ಷೇಪವಿಲ್ಲ, ಪುಡಿ ನುಣ್ಣಗಿದ್ದರೆ. ಸಗಣಿ ಬೂದಿಯಲ್ಲಿ ಮರಳಿನಂಥ ಸಿಲಿಕಾ ಉಳಿದಿರುತ್ತದೆ, ಜರಡಿ ಹಿಡಿಯದೆ ಬಳಸಬೇಡಿ. ಒಡವೆಗೆ ಅದೂ ಬೇಡ.

ಬರೀ ಮಾಸಲಾಗಿದ್ದರೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಅಥವಾ ಸೋಸಿದ ಅಂಟುವಾಳಕಾಯಿ ನೀರು, ಮಕ್ಕಳ ಮೆತ್ತನೆಯ ಬ್ರಷ್ಷು ಸಾಕು. ಗಟ್ಟಿ ಕಪ್ಪಿಗೆ ಮಾತ್ರ ಅಲ್ಯೂಮಿನಿಯಂ ಹಾಳೆಯ ವಿಧಾನ. ಸ್ಟೀಲ್ ಪಾತ್ರೆಯ ತಳಕ್ಕೆ ಹಾಳೆ ಹಾಸಿ, ಒಂದು ಲೀಟರ್ ಕುದಿದ ನೀರು ಸುರಿದು, ಎರಡು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಸಣ್ಣ ಚಮಚ ಉಪ್ಪು ಕದಡಿ. ಎಣ್ಣೆ ಜಿಡ್ಡು ಮೊದಲೇ ತೊಳೆದ ಒಡವೆಯನ್ನು ಹಾಳೆಗೆ ತಾಗುವಂತೆ ಇಟ್ಟು, ಎರಡರಿಂದ ಐದು ನಿಮಿಷ ಬಿಡಿ, ನಡುವೆ ಒಮ್ಮೆ ಮಗುಚಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿಯಾಗಬೇಡಿ, ಕಿಟಕಿ ತೆರೆದಿಡಿ. ಗಂಧಕ ಬೆಳ್ಳಿಯನ್ನು ಬಿಡುತ್ತಿದೆ ಎಂದರ್ಥ. ಪೊರೆಯಲ್ಲಿದ್ದ ಬೆಳ್ಳಿ ಒಡವೆಯಲ್ಲೇ ಉಳಿಯುತ್ತದೆ, ಪೊರೆಯನ್ನು ಉಜ್ಜಿ ತೆಗೆದಿದ್ದರೆ ಅದು ಬಟ್ಟೆಗೆ ಹೋಗುತ್ತಿತ್ತು. ಎಷ್ಟು ಹೊತ್ತಾದರೂ ಕಪ್ಪು ಇಳಿಯದಿದ್ದರೆ ನೀರು ಆರಿರುತ್ತದೆ, ಇಲ್ಲವೇ ಜಿಡ್ಡು ಉಳಿದಿರುತ್ತದೆ, ಇಲ್ಲವೇ ಸರವನ್ನು ಗುಪ್ಪೆ ಹಾಕಿದ್ದರಿಂದ ಮೇಲಿನ ಎಳೆಗಳು ಹಾಳೆಗೆ ತಾಗಿರುವುದಿಲ್ಲ. ಹೊರಬಂದ ಒಡವೆ ಸ್ವಲ್ಪ ಮಂಕಾಗಿ ಕಾಣುತ್ತದೆ. ಎರಡು ಸಲ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿದರೆ ಹೊಳಪು ಬರುತ್ತದೆ. ಗೆಜ್ಜೆಯ ಒಳಗೆ ನೀರು ನಿಲ್ಲುತ್ತದೆ, ಆದ್ದರಿಂದ ಚೆನ್ನಾಗಿ ಕೊಡವಿ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ.

ಇದನ್ನು ಎಲ್ಲಕ್ಕೂ ಮಾಡುವಂತಿಲ್ಲ. ಮುತ್ತು, ಹವಳ, ಅಂಟು ಹಾಕಿ ಕೂರಿಸಿದ ಹರಳು, ಒಳಗೆ ಅರಗು ತುಂಬಿದ ಪೊಳ್ಳು ಕಡಗ, ಬಣ್ಣದ ಮೀನಾ ಕೆಲಸ ಇವು ಬಿಸಿನೀರಿಗೆ ತಡೆಯುವುದಿಲ್ಲ. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆಯನ್ನು ಮುಳುಗಿಸಿದರೆ ಅದರ ಅಂದವೇ ಇಳಿದುಹೋಗುತ್ತದೆ. ಚಿನ್ನದ ಲೇಪ, ರೋಡಿಯಂ ಲೇಪ ಇದ್ದವನ್ನು ಒರೆಸಿದರೆ ಸಾಕು. ಬೀದಿಯಲ್ಲಿ 'ಪಾಲಿಶ್' ಎಂದು ಕೂಗಿ ಬರುವವರ ಕೈಗಂತೂ ಕೊಡಲೇಬೇಡಿ. ಅವರು ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ಬೆಳ್ಳಿ ಕರಗುತ್ತದೆ. ಒಡವೆ ಬೆಳ್ಳಗಾಗಿ ವಾಪಸು ಬರಬಹುದು, ತೂಕ ಕಡಿಮೆಯಾಗಿರುತ್ತದೆ.

ಬೀರುವಿನಲ್ಲಿ ಇಡುವಾಗ ಒಂದೊಂದನ್ನೂ ಬೇರೆ ಬೇರೆ ಜಿಪ್ ಚೀಲದಲ್ಲಿ, ಗಾಳಿ ಒತ್ತಿ ತೆಗೆದು, ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ ಬೇಡ. ದಿನಪತ್ರಿಕೆಯಲ್ಲಿ ಸುತ್ತಿಡುವುದೂ ಬೇಡ (ಸಂಪಾದಕರು ಬೇಸರಿಸಬಾರದು).

ಇನ್ನು ಶುದ್ಧತೆ. ಮನೆಯಲ್ಲಿ ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅಂಟಿದರೆ ಬೆಳ್ಳಿಯಲ್ಲ, ಸರಿ. ಅಂಟದಿದ್ದರೆ? ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲ. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಅದರಲ್ಲಿ ಬೆಳ್ಳಿ ಗುಂಜಿಯಷ್ಟೂ ಇಲ್ಲ. ಇದಕ್ಕಿಂತ ತೂಕದ ಪರೀಕ್ಷೆ ವಾಸಿ. 0.1 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ದಾರಕ್ಕೆ ಕಟ್ಟಿದ ಒಡವೆಯನ್ನು ತಳಕ್ಕೆ ತಾಗದಂತೆ ಮುಳುಗಿಸಿ. ಆಗ ತಕ್ಕಡಿ ತೋರಿಸುವುದು ಒಡವೆ ಸರಿಸಿದ ನೀರಿನ ತೂಕ. 52 ಗ್ರಾಂನ ಗಟ್ಟಿ ಕಡಗ ಸ್ಟರ್ಲಿಂಗ್ ಆಗಿದ್ದರೆ ತಕ್ಕಡಿ ಸುಮಾರು 5 ಗ್ರಾಂ ತೋರಿಸುತ್ತದೆ, ಜರ್ಮನ್ ಸಿಲ್ವರ್ ಆಗಿದ್ದರೆ 6ರ ಹತ್ತಿರ. ಆದರೆ 925ಕ್ಕೂ 800ಕ್ಕೂ ಇರುವ ವ್ಯತ್ಯಾಸವನ್ನು ಇದು ಹಿಡಿಯಲಾರದು. ಪೊಳ್ಳು ಒಡವೆಗೆ, ಹರಳಿನ ಒಡವೆಗೆ ಇದು ನಡೆಯುವುದೂ ಇಲ್ಲ.

ಶುದ್ಧತೆ ಖಚಿತವಾಗಲು ಹಾಲ್‌ಮಾರ್ಕ್, ಅಂದರೆ ಪರೀಕ್ಷಿಸಿ ಒತ್ತಿದ ಶುದ್ಧತೆಯ ಗುರುತು ಬೇಕು. ಚಿನ್ನಕ್ಕೆ 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಬೆಳ್ಳಿಗೆ ಇನ್ನೂ ಕಡ್ಡಾಯವಲ್ಲ. ಬರೀ '925' ಎಂಬ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ (ಒಂದೊಂದು ಒಡವೆಗೂ ಬೇರೆ ಬೇರೆ ಗುರುತು ಸಂಖ್ಯೆ) ಬಂದಿದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆಯ ಅಂಕಿ, ಈ ಸಂಖ್ಯೆ ಮೂರೂ ಒಡವೆಯ ಮೇಲಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಸಂಖ್ಯೆಯನ್ನು ಅಂಗಡಿಯಲ್ಲೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಾಳೆ ನೋಡಿ. 100 ಗ್ರಾಂ ಸ್ಟರ್ಲಿಂಗ್ ಗೆಜ್ಜೆಯಲ್ಲಿ ಬೆಳ್ಳಿ 92.5 ಗ್ರಾಂ ಮಾತ್ರ. ಅಪ್ಪಟ ಬೆಳ್ಳಿಯ ದರವನ್ನು ಪೂರ್ತಿ 100 ಗ್ರಾಂಗೆ ಹಾಕಿ, ಮೇಲೆ ಮಜೂರಿಯನ್ನೂ ಸೇರಿಸಿದ್ದಾರೆಯೇ ಎಂದು ಬಿಲ್ಲಿನಲ್ಲಿ ನೋಡಿ. ಬೆಳ್ಳಿಯ ದರ, ಮಜೂರಿ, ಹರಳಿನ ತೂಕ, ಹಾಲ್‌ಮಾರ್ಕ್ ಶುಲ್ಕ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

— ಬೆಳ್ಳಿ ಕೆಲಸಗಾರರೊಬ್ಬರು, ನಗರ್ತಪೇಟೆ, ಬೆಂಗಳೂರು