ಬಟ್ಟೆಗೆ ಮೀಟರ್ ಲೆಕ್ಕ ಸಾಲದು, ಪನ್ನವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಜಪಾನ್ ಪ್ರವಾಸದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಚೆರಿ ಹೂವು, ಫೂಜಿ ಪರ್ವತ, ಬುಲೆಟ್ ರೈಲುಗಳ ವರ್ಣನೆ ಧಾರಾಳವಾಗಿರುತ್ತದೆ. ಆದರೆ ಅಲ್ಲಿಂದ ಹೊಲಿಸಿಕೊಳ್ಳಲು ಬಟ್ಟೆ ತರಬೇಕು, ಅಥವಾ ಅಲ್ಲಿರುವ ನೆಂಟರಿಂದ ತರಿಸಬೇಕು ಎನ್ನುವವರಿಗೆ ನೆರವಾಗುವ ಮಾತು ಅವುಗಳಲ್ಲಿ ಕಾಣುವುದು ಅಪರೂಪ. ಇತ್ತೀಚೆಗೆ ಗೆಳತಿಯರೊಂದಿಗೆ ಒಂದು ದಿನವಿಡೀ ಟೋಕಿಯೊದ ಬಟ್ಟೆ ಬೀದಿಯಲ್ಲಿ ಸುತ್ತಾಡಿ, ಕೊನೆಗೆ ಪನ್ನ, ಅಂದರೆ ಬಟ್ಟೆಯ ಅಗಲ, ಲೆಕ್ಕಿಸದೆ ತಪ್ಪು ಅಳತೆಯ ಬಟ್ಟೆ ಕೊಂಡು ಬಂದವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾವು ನಾಲ್ವರಲ್ಲಿ ಮೂವರು ಟೋಕಿಯೊದ ನಿಶಿಕಸಾಯ್‌ನಲ್ಲಿ ನೆಲೆಸಿರುವವರು. ಒಬ್ಬರು ಊರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರು. ಬಟ್ಟೆ ಬೀದಿಯಲ್ಲಿ ಹಲವು ಅಂಗಡಿಗಳು ಭಾನುವಾರ ಮುಚ್ಚಿರುವುದರಿಂದ ವಾರದ ನಡುವಿನ ಒಂದು ದಿನವನ್ನೇ ಆರಿಸಿಕೊಂಡೆವು. ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಊರಿಗೊಂದು ಪಾರ್ಸೆಲ್, ಆಮೇಲೆ ಉಎನೊದಲ್ಲಿ ಒಬ್ಬರ ಕನ್ನಡಕದ ದುರಸ್ತಿ ಎಂದು ಸಣ್ಣಪುಟ್ಟ ಕೆಲಸಗಳೂ ಇದ್ದವು. ಪಾರ್ಸೆಲಿನ ಕಸ್ಟಮ್ಸ್ ವಿವರದಲ್ಲಿ ಗೆಳತಿ ಬರಿಯ 'ಬಟ್ಟೆ' ಎಂದು ಬರೆದಿದ್ದಕ್ಕೆ, ಎಂಥ ಬಟ್ಟೆ, ಎಷ್ಟು, ಬೆಲೆಯೇನು ಎಂದು ಬಿಡಿಸಿ ಬರೆಯುವಂತೆ ಅಲ್ಲಿನ ಸಿಬ್ಬಂದಿ ನಯವಾಗಿ ಹೇಳಿದರು. ಆ ಪ್ರಶ್ನೆಗಳನ್ನು ಅಂಗಡಿಯಲ್ಲಿ ನಾನೂ ಕೇಳಿಕೊಂಡಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಉಎನೊದಿಂದ ಯಾಮಾನೊತೆ ರೈಲಿನಲ್ಲಿ ಎರಡನೆಯ ನಿಲ್ದಾಣವೇ ನಿಪ್ಪೋರಿ. ನಿಲ್ದಾಣದ ಪೂರ್ವಕ್ಕೆ ಇಳಿದರೆ ಸುಮಾರು ಒಂದು ಕಿಲೋಮೀಟರ್ ಉದ್ದದ ರಸ್ತೆಯ ಎರಡೂ ಬದಿಗೆ ಬಟ್ಟೆ, ಗುಂಡಿ, ಲೇಸು, ಜಿಪ್ಪು, ಚರ್ಮದ ತುಂಡು ಮಾರುವ ಸುಮಾರು 90 ಅಂಗಡಿಗಳಿವೆ. ಇಲ್ಲಿ ಬಟ್ಟೆಯ ಸುರುಳಿಗಳನ್ನು ಅಂಗಡಿಯ ಹೊರಗೇ ನಿಲ್ಲಿಸಿರುತ್ತಾರೆ. ಬೇಕಾದ ಸುರುಳಿಯನ್ನು ನಾವೇ ಮಗುವಿನಂತೆ ಎತ್ತಿಕೊಂಡು ಕತ್ತರಿಸುವ ಮೇಜಿನವರೆಗೆ ಒಯ್ಯಬೇಕು. ಚೌಕಾಸಿ ಮಾಡುವವರನ್ನು ನಾನು ಅಲ್ಲಿ ನೋಡಲಿಲ್ಲ. ಊರಿನಿಂದ ಬಂದಿದ್ದ ಹಿರಿಯರಿಗೆ ಅದೊಂದು ಕೊರತೆಯಾಗಿಯೇ ಉಳಿಯಿತು.

ನಾನು ಮೆಚ್ಚಿದ್ದು ಸುರುಳಿಯ ತುದಿಗೆ ಸಿಕ್ಕಿಸಿರುವ ಚೀಟಿಯನ್ನು. ನೂಲು ಯಾವುದು, ಶೇಕಡಾ ಎಷ್ಟು, ಪನ್ನ ಎಷ್ಟು ಸೆಂಟಿಮೀಟರ್, ಮೀಟರಿಗೆ ಬೆಲೆ ಎಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಗೃಹಬಳಕೆಯ ವಸ್ತುಗಳ ಗುಣಮಟ್ಟವನ್ನು ಚೀಟಿಯಲ್ಲಿ ನಮೂದಿಸಬೇಕೆಂಬ ಕಾನೂನು ಜಪಾನಿನಲ್ಲಿ 1962ರಲ್ಲೇ ಬಂದಿದ್ದು, ಬಟ್ಟೆಯೂ ಅದರ ವ್ಯಾಪ್ತಿಯಲ್ಲಿದೆ. 'ಮೆನ್' ಎಂದರೆ ಹತ್ತಿ, 'ಕಿನು' ಎಂದರೆ ರೇಷ್ಮೆ, 'ಕೆ' ಎಂದರೆ ಉಣ್ಣೆ. ಈ ಮೂರರ ಅಕ್ಷರಗಳನ್ನು ಗುರುತಿಸಲು ಕಲಿತರೆ, ಕೈಯಿಂದ ಮುಟ್ಟಿ ಊಹಿಸುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಚೀಟಿ ಇಷ್ಟೆಲ್ಲ ಹೇಳಿದರೂ ನಾನು ಎಡವಿದ್ದು ಪನ್ನದಲ್ಲಿ. ಘೇರ್ ಇರುವ ಉದ್ದ ಕುರ್ತಾ ಹೊಲಿಸಲು ಎರಡೂವರೆ ಮೀಟರ್ ಬೇಕೆಂದು ನಾದಿನಿ ಸಂದೇಶ ಕಳಿಸಿದ್ದಳು. ಅವಳ ಟೈಲರ್ ಆ ಲೆಕ್ಕ ಹೇಳಿದ್ದು 58 ಇಂಚಿನ, ಅಂದರೆ ಸುಮಾರು 147 ಸೆಂಟಿಮೀಟರಿನ ದೊಡ್ಡ ಪನ್ನಕ್ಕೆ. ನಾನು ಮನಸೋತು ಕತ್ತರಿಸಿಕೊಂಡದ್ದು ಎರಡು ಪದರದ ತೆಳು ಹತ್ತಿಯ 'ಡಬಲ್ ಗಾಜ್'. ಅದರ ಪನ್ನ 110 ಸೆಂಟಿಮೀಟರ್. ಎರಡೂವರೆ ಮೀಟರಿಗೆ ಹತ್ತಿರ ಹತ್ತಿರ ಒಂದು ಚದರ ಮೀಟರ್ ಬಟ್ಟೆ ಕಡಿಮೆ ಬಿದ್ದಂತಾಯಿತು; ಅಷ್ಟೇ ಬಟ್ಟೆ ಬೇಕಾಗಿದ್ದರೆ ಮೂರೂಕಾಲು ಮೀಟರಿಗಿಂತ ಹೆಚ್ಚು ತೆಗೆದುಕೊಳ್ಳಬೇಕಿತ್ತು. ಇದರ ಮೇಲೆ, ಈ ಬಗೆಯ ಬಟ್ಟೆ ನೀರು ಕಂಡೊಡನೆ ಕುಗ್ಗುತ್ತದೆ. ಅಲ್ಲಿ ಮನೆಯಲ್ಲಿ ಹೊಲಿಯುವವರು ಕತ್ತರಿ ಹಾಕುವ ಮೊದಲೇ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ 'ಮಿಜುತೋಶಿ' ಎಂಬ ಹೆಸರೇ ಇದೆ. ಕುಗ್ಗುವ ಪಾಲನ್ನು ಮೊದಲೇ ಸೇರಿಸಿ ಕೊಳ್ಳದಿದ್ದರೆ, ಹೊಲಿಸುವಾಗ ತೋಳಿಗೋ ಅಂಚು ಪಟ್ಟಿಗೋ ಕೊರತೆ ಬೀಳುತ್ತದೆ.

ಹಿರಿಯರ ಆಸೆ ಇನ್ನೂ ದೊಡ್ಡದಿತ್ತು. ಕಿಮೋನೊಗೆಂದು ನೇಯ್ದ ರೇಷ್ಮೆಯ ಸುರುಳಿಯೊಂದನ್ನು ನೋಡಿ, ಅದರಿಂದಲೇ ಸೀರೆ ಮಾಡಿಸುವುದೆಂದು ಅವರು ನಿಶ್ಚಯಿಸಿಬಿಟ್ಟರು. ಆ ಸುರುಳಿಗೆ 'ತಾನ್' ಎನ್ನುತ್ತಾರೆ. ನಮ್ಮ ಥಾನನ್ನು ನೆನಪಿಸುವ ಹೆಸರು. ಒಂದು ಕಿಮೋನೊಗೆ ಸಾಲುವಂತೆ ಸುಮಾರು 12 ಮೀಟರ್ ಉದ್ದ ಇರುತ್ತದೆ, ಆದರೆ ಅಗಲ ಕೇವಲ 38 ಸೆಂಟಿಮೀಟರಿನ ಆಸುಪಾಸು. ಸೀರೆಯ ಅಗಲ ಬರಬೇಕಾದರೆ ಮೂರು ಪಟ್ಟಿ ಜೋಡಿಸಬೇಕು, ಹಾಗೆ ಜೋಡಿಸಿದರೆ ಉಳಿಯುವ ಉದ್ದ ನಾಲ್ಕು ಮೀಟರ್ ಮಾತ್ರ. ಐದೂವರೆ ಮೀಟರಿನ ಸೀರೆ ಎಲ್ಲಿಂದ ಬರಬೇಕು? ಲೆಕ್ಕವನ್ನು ಬೆರಳಿನಲ್ಲೇ ಮಾಡಿ ಮುಗಿಸಿದ ಅವರು, ಸುರುಳಿಯನ್ನು ಇದ್ದಲ್ಲಿಯೇ ಇಟ್ಟು, ಎದುರಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳ ಕಟ್ಟಿನಿಂದ ಎರಡು ರವಿಕೆ ಕಣಕ್ಕಾಗುವಷ್ಟನ್ನು ಆರಿಸಿಕೊಂಡರು. ಆ ದಿನ ಸರಿಯಾದ ವ್ಯಾಪಾರ ಮಾಡಿದವರು ಅವರೊಬ್ಬರೇ ಎಂದು ನನ್ನ ಅಭಿಪ್ರಾಯ.

ತೆರಿಗೆಯ ವಿಷಯದಲ್ಲಿಯೂ ಪ್ರವಾಸಿಗರು ಒಂದು ಮಾತು ತಿಳಿದಿರಬೇಕು. ಬಟ್ಟೆಯ ಮೇಲೆ 2019ರ ಅಕ್ಟೋಬರ್‌ನಿಂದ ಶೇ. 10 ಬಳಕೆ ತೆರಿಗೆ ಇದೆ. ತೆರಿಗೆ ವಿನಾಯಿತಿಯ ಪರವಾನಗಿ ಇರುವ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ಅಥವಾ ಅದಕ್ಕಿಂತ ಹೆಚ್ಚು ಕೊಂಡ ಅಲ್ಪಾವಧಿ ಪ್ರವಾಸಿಗರಿಗೆ ಅದರಿಂದ ವಿನಾಯಿತಿ ದೊರೆಯುತ್ತದೆ, ಆದರೆ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. 2026ರ ನವೆಂಬರ್ 1ರಿಂದ ಮೊದಲು ತೆರಿಗೆ ಸಹಿತ ಪಾವತಿಸಿ, ದೇಶ ಬಿಡುವಾಗ ಪರಿಶೀಲನೆಯಾದ ಮೇಲೆ ಹಿಂಪಡೆಯುವ ವ್ಯವಸ್ಥೆ ನಿಗದಿಯಾಗಿದೆ. ಅಲ್ಲೇ ದುಡಿದು ನೆಲೆಸಿರುವ ನಮ್ಮಂಥವರಿಗೆ ಈ ಸೌಲಭ್ಯ ಇಲ್ಲ. ಆದ್ದರಿಂದ 'ನೀವೇ ಕೊಂಡು ಕಳಿಸಿ, ಅಗ್ಗವಾಗುತ್ತದೆ' ಎಂದು ಊರಿನಿಂದ ಬರುವ ಕೋರಿಕೆಗೆ ಆಧಾರವಿಲ್ಲ.

ತಮ್ಮ ಪ್ರವಾಸ ಪುಟದಲ್ಲಿ ಸ್ಥಳಪರಿಚಯದ ಜೊತೆಗೆ ಪನ್ನ, ಕುಗ್ಗುವಿಕೆ, ತೆರಿಗೆಯಂಥ ವಿವರಗಳಿಗೆ ನಾಲ್ಕು ಸಾಲು ಮೀಸಲಿಡಬೇಕೆಂದು ಕೋರುತ್ತೇನೆ. ವಿದೇಶದಿಂದ ಬಟ್ಟೆ ತರಿಸುವ ಓದುಗರು ಎಷ್ಟು ಮೀಟರ್ ಎಂಬುದರೊಂದಿಗೆ ಏನು ಹೊಲಿಸುತ್ತೀರಿ, ಟೈಲರ್ ಯಾವ ಪನ್ನಕ್ಕೆ ಲೆಕ್ಕ ಹೇಳಿದ್ದಾರೆ ಎಂಬುದನ್ನೂ ದಯವಿಟ್ಟು ಬರೆದು ಕಳಿಸಿ. ಇನ್ನೊಂದು ಮೀಟರ್ ತರಲೆಂದು ಮರುವಾರ ನಾನು ನಿಪ್ಪೋರಿಗೆ ಮರಳಿ ಹೋದಾಗ, ಆ ನಮೂನೆಯ ಸುರುಳಿ ಇದ್ದ ಜಾಗದಲ್ಲಿ ಬೇರೆಯದೇ ಹೂವಿನ ಬಟ್ಟೆ ನಿಂತಿತ್ತು.

ತಮ್ಮ ವಿಶ್ವಾಸಿ,
ಓದುಗರೊಬ್ಬರು, ನಿಶಿಕಸಾಯ್, ಟೋಕಿಯೊ